ಉಡಕಿ ಒಪ್ಪಿದವರು ಕೂಸನ್ನೂ ಒಪ್ಪಬೇಕು



"ಆಕಿ ಬೇಕಾದ್ರ ತನಗ ಕೇಳ್ಕೊಳ್ಳಿ. ಆ ಕೂಸು ನಂದಲ್ಲ, ನಾ ಯಾಕ ರೊಕ್ಕ ಕೊಡ್ಲಿ?" ನಮ್ಮ ಗುರುಮಠಕಲ್ ಭಾಗದ ಕಟ್ಟೆ ಪಂಚಾಯ್ತಿಗಳಲ್ಲಿ ಈ ಮಾತು ಬಂತಂದ್ರ ಹಿರಿಯರು ಸುಮ್ಮನಾಗಿಬಿಡ್ತಾರ. ಕೂಸಿನ ಪರ ಮಾತಾಡೋರು ಯಾರೂ ಇರಲ್ಲ.

ನಮ್ಮಲ್ಲಿ ಉಡಕಿ ಪದ್ಧತಿ ಐತಿ, ವಿಧವೆಗೆ ಎರಡನೇ ಬದುಕು ಐತಿ ಅಂತ ನಾವು ಎದಿ ತಟ್ಟಿ ಹೇಳ್ತೀವಿ. ಹೇಳಲೇಬೇಕು. ವಿಧವೆಯನ್ನು ಮೂಲೆಗೆ ಕೂಡಿಸುವುದರಲ್ಲೇ ಜಾತಿಯ ಬೇರಿದೆ ಎಂದು ಬಾಬಾಸಾಹೇಬರು 1916ರಲ್ಲೇ ತೋರಿಸಿಕೊಟ್ಟರು. ಆದರೆ ತಾಯಿಯ ಸೆರಗು ಹಿಡಿದು ಬಂದ ಮಗುವಿಗೆ ಆ ಎರಡನೇ ಬದುಕು ಎಷ್ಟು ದಿನದ್ದು? ಐದಾರು ವರ್ಷ ಅಪ್ಪಾ ಅಂತ ಕರೆಸಿಕೊಂಡವನು ಬಿಟ್ಟು ಹೋದ ದಿನ ಆ ಮಗು ಬರೇ "ಆಕಿ ಕೂಸು" ಆಗ್ತದ.

ಕಾನೂನೂ ಬಹುಪಾಲು ಅವನ ಕಡೆಗೇ ಇದೆ. ಜೀವನಾಂಶದ ಹಳೆಯ ಸಿಆರ್‌ಪಿಸಿ 125ನೇ ಕಲಂ 2024ರ ಜುಲೈ 1ರಿಂದ ಬಿಎನ್‌ಎಸ್‌ಎಸ್ 144 ಆಯಿತು. ನಂಬರ್ ಬದಲಾಯಿತು, ಮಲಮಗುವಿನ ಹೆಸರು ಮಾತ್ರ ಅಲ್ಲಿ ಬರಲಿಲ್ಲ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಲ್ಲೂ ಇಲ್ಲ. ಕಾನೂನು ಪ್ರಕಾರ ದತ್ತು ತಗೊಂಡಿದ್ರೆ ಮಾತ್ರ ಆ ಮಗು ಅವನ ಮಗು.

ಒಂದು ಬಾಗಿಲು ಮಾತ್ರ ತೆರೆದಿದೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆ 'ಮಗು' ಎಂದರೆ ಮಲಮಗುವೂ ಸೇರಿ ಎಂದು ಸ್ಪಷ್ಟವಾಗಿ ಹೇಳುತ್ತದೆ. ಮನೆಖರ್ಚು ನಿಲ್ಲಿಸುವುದೂ ಅಲ್ಲಿ ಹಿಂಸೆಯೇ, ಆರ್ಥಿಕ ಹಿಂಸೆ. 20ನೇ ಕಲಂ ಪ್ರಕಾರ ತಾಯಿ ತನಗೂ ತನ್ನ ಮಕ್ಕಳಿಗೂ ಜೀವನಾಂಶ ಕೇಳಬಹುದು. ಸಿಡಿಪಿಒ ಅವರೇ ಸಂರಕ್ಷಣಾಧಿಕಾರಿ, ಅರ್ಜಿ ಅವರ ಹತ್ರ ಕೊಡಬಹುದು. ವಕೀಲರ ಫೀಜಿಗೆ ಹೆದರಬ್ಯಾಡ್ರಿ. ಹೆಣ್ಮಕ್ಕಳಿಗೆ, ಎಸ್‌ಸಿ-ಎಸ್‌ಟಿಯವರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡಬೇಕು.

"ಹಿಂಗ ಮಾಡಿದ್ರ ಮಕ್ಕಳಿದ್ದಾಕಿನ್ನ ಯಾರು ಮಾಡ್ಕೋತಾರ?" ಅಂತ ನಮ್ಮ ಹುಡುಗರೇ ಕೇಳ್ತಾರ. ನಾನು ಹೇಳೋದು ಇಷ್ಟೇ: ಹೆತ್ತ ತಂದೆ ಬದುಕಿದ್ದರೆ ಮೊದಲ ಹೊಣೆ ಅವನದೇ, ಅವನನ್ನು ಬಿಡಬೇಡಿ. ಒಂದೆರಡು ತಿಂಗಳು ಜೊತೆಗಿದ್ದವನ ಮೇಲೆ ಜೀವಮಾನದ ಭಾರ ಹಾಕಿ ಅಂತಲೂ ನಾನು ಹೇಳ್ತಿಲ್ಲ. ಆದರೆ ವರ್ಷಗಟ್ಟಲೆ ತಂದೆಯಾಗಿ ನಡೆದುಕೊಂಡವನು ಒಂದು ಮಾತಿನಲ್ಲಿ ಕೈ ತೊಳೆದುಕೊಳ್ಳುವಂತಿಲ್ಲ. ಕೆನಡಾದ ಸುಪ್ರೀಂ ಕೋರ್ಟ್ 1999ರಲ್ಲೇ ಮಲತಂದೆಯೊಬ್ಬನ ಪ್ರಕರಣದಲ್ಲಿ ಹೀಗೆಯೇ ತೀರ್ಪು ಕೊಟ್ಟಿದೆ. ಮಗುವನ್ನು ಸಾಕುವ ಮನಸ್ಸಿಲ್ಲದವನು ಆಕೆಯನ್ನು ಮಾಡಿಕೊಳ್ಳದಿರುವುದೇ ಒಳ್ಳೇದು.

ಸಂಘಟನೆಯ ಗೆಳೆಯರಲ್ಲಿ ಮೂರು ಮಾತು. ಒಂದು, ಉಡಕಿ ಮಾತುಕತೆಗೆ ಕುಂತಾಗ ಮಗುವಿನ ಊಟ, ಬಟ್ಟೆ, ಶಾಲೆಯ ಹೊಣೆ ಯಾರದು ಅಂತ ಬರೆಸಿ ಸಹಿ ಹಾಕಿಸ್ರಿ. ನಾಳೆ ಕೋರ್ಟಿನಲ್ಲಿ ಅದು ಸಾಕ್ಷಿ. ಎರಡು, ಬೇರೆಯಾಗುವ ಪಂಚಾಯ್ತಿಯಲ್ಲಿ ಮಗುವಿನ ಮಾತು ತೆಗೆಯದೇ ಎದ್ದು ಬರಬ್ಯಾಡ್ರಿ. ಮೂರು, 144ನೇ ಕಲಮಿನಲ್ಲಿ ಮಲಮಗುವೂ ಸೇರಬೇಕು ಅನ್ನೋದು ನಮ್ಮ ಬೇಡಿಕೆ ಪಟ್ಟಿಯೊಳಗೆ ಬರಲಿ.

ಮೀಸಲಾತಿ, ಭೂಮಿ, ದೌರ್ಜನ್ಯದ ಹೋರಾಟಕ್ಕೆ ನೂರು ಜನ ಬರ್ತೀವಿ. ಈ ಕೂಸಿನ ಶಾಲೆ ಬಿಟ್ಟುಹೋಗದಂತೆ ನೋಡಿಕೊಳ್ಳೋಕೆ ಒಬ್ಬರಾದ್ರೂ ಬರೋಣ.

ಜೈ ಭೀಮ್.