ಬಡ್ಡಿ ಬಿಟ್ಟರೂ ಬಡ್ಡಿದರ ಬಿಡಲಿಲ್ಲ

ಪಾಕಿಸ್ತಾನದ ಕೇಂದ್ರ ಬ್ಯಾಂಕು 2023ರ ಜೂನ್‌ನಲ್ಲಿ ತನ್ನ ನೀತಿ ದರವನ್ನು ಶೇ 22ಕ್ಕೆ ಏರಿಸಿತು. ಎರಡು ವರ್ಷ ಹಿಂದೆ ಅದು ಶೇ 7 ಇತ್ತು. ಹಣದುಬ್ಬರ ಆಗ ತಾನೇ ಶೇ 38ರ ಆಸುಪಾಸಿಗೆ ಹೋಗಿ ನಿಂತಿತ್ತು. ಸಾಲ ದುಬಾರಿಯಾಗಬೇಕು, ಜನ ಖರ್ಚಿನಿಂದ ಉಳಿತಾಯದ ಕಡೆಗೆ ವಾಲಬೇಕು: ದರ ಏರಿಸುವವರ ಲೆಕ್ಕಾಚಾರ ಎಲ್ಲ ಕಡೆಯೂ ಇಷ್ಟೇ. ಬಡ್ಡಿಯನ್ನೇ ಮುಟ್ಟುವುದಿಲ್ಲ ಎನ್ನುವ ಇಸ್ಲಾಮಿಕ್ ಬ್ಯಾಂಕುಗಳ ಮಟ್ಟಿಗೆ ಮಾತ್ರ ಈ ಲೆಕ್ಕ ಅರ್ಧಕ್ಕೇ ನಿಂತಿತು. ಹಣ ಪಡೆದವರಿಗೆ ಏರಿಕೆಯ ಬಿಸಿ ಚೆನ್ನಾಗಿಯೇ ತಟ್ಟಿತು. ಹಣ ಇಟ್ಟವರ ಕೈಗೆ ಅದರ ಲಾಭ ಸರಿಯಾಗಿ ಬರಲಿಲ್ಲ.

ಫೈಸಲಾಬಾದಿನ ಒಂದು ಜವಳಿ ಗಿರಣಿಗೆ ಹತ್ತಿ ಕೊಳ್ಳಲು ದುಡ್ಡು ಬೇಕಾಗಿದೆ ಎಂದಿಟ್ಟುಕೊಳ್ಳಿ. ಇಸ್ಲಾಮಿಕ್ ಬ್ಯಾಂಕು ಸಾಲ ಕೊಡುವುದಿಲ್ಲ. ಗಿರಣಿಯವರನ್ನೇ ತನ್ನ ಏಜೆಂಟರನ್ನಾಗಿ ನೇಮಿಸಿ ಹತ್ತಿ ಕೊಳ್ಳುತ್ತದೆ. ಸ್ವಲ್ಪ ಹೊತ್ತು ಆ ಮೂಟೆಗಳು ಬ್ಯಾಂಕಿನ ಸ್ವತ್ತು. ಬಳಿಕ ಲಾಭ ಸೇರಿಸಿ ಗಿರಣಿಗೇ ಮಾರುತ್ತದೆ, ಹಣವನ್ನು ಆರು ತಿಂಗಳ ಮೇಲೆ ಕೊಟ್ಟರಾಯಿತು. ಇದಕ್ಕೆ ಮುರಾಬಹಾ ಎನ್ನುತ್ತಾರೆ. ಬ್ಯಾಂಕಿನ ಒಡೆತನದಲ್ಲಿದ್ದಾಗ ಮೂಟೆಗೆ ಬೆಂಕಿ ಬಿದ್ದರೆ ನಷ್ಟ ಬ್ಯಾಂಕಿನದೇ, ಹಾಗಾಗಿ ಇದು ಸಾಲವಲ್ಲ, ವ್ಯಾಪಾರ. ಅಲ್ಲಿಯವರೆಗೆ ಸರಿ. ಆದರೆ ಲಾಭ ಎಷ್ಟು ಎಂದು ಬರೆಯುವ ಜಾಗದಲ್ಲಿ ಸಾಮಾನ್ಯವಾಗಿ ಕಾಣುವುದು ‘ಕೈಬೋರ್ ಜೊತೆಗೆ ಇಷ್ಟು’ ಎಂಬ ಲೆಕ್ಕ. ಕೈಬೋರ್ ಎಂದರೆ ಬ್ಯಾಂಕುಗಳು ಒಂದಕ್ಕೊಂದು ಸಾಲ ಕೊಡುವಾಗ ಹೇಳುವ ಕರಾಚಿಯ ಬಡ್ಡಿದರ. ನೀತಿ ದರ ಏರಿದರೆ ಅದೂ ಏರುತ್ತದೆ, ಹತ್ತಿಯ ಮೂಟೆಯೂ ತುಟ್ಟಿಯಾಗುತ್ತದೆ. ಮನೆ, ಕಾರುಗಳ ಬಾಡಿಗೆ ಒಪ್ಪಂದಗಳ ಕಥೆಯೂ ಇದೇ.

ಧರ್ಮಶಾಸ್ತ್ರದವರಿಗೆ ಇದು ಗೊತ್ತಿಲ್ಲದ್ದೇನಲ್ಲ. 1999ರಲ್ಲಿ ಬಡ್ಡಿಯ ವಿರುದ್ಧ ತೀರ್ಪು ಕೊಟ್ಟ ಪಾಕಿಸ್ತಾನದ ಸುಪ್ರೀಂ ಕೋರ್ಟ್ ಪೀಠದಲ್ಲಿದ್ದ ಮುಫ್ತಿ ತಕಿ ಉಸ್ಮಾನಿ ಇದಕ್ಕೆ ಸಮರ್ಥನೆಯನ್ನೂ ಕೊಟ್ಟಿದ್ದಾರೆ. ಮದ್ಯದ ಅಂಗಡಿಯವನು ಪಡೆಯುವಷ್ಟೇ ಲಾಭಾಂಶವನ್ನು ಶರಬತ್ತಿನ ಅಂಗಡಿಯವನೂ ಇಟ್ಟುಕೊಂಡರೆ ಶರಬತ್ತು ಹರಾಮ್ ಆಗುವುದಿಲ್ಲ ಎಂಬುದು ಅವರ ವಾದದ ಸಾರ. ಹಾಗೆಂದು ಈ ಅಳತೆಗೋಲು ಆದರ್ಶವೆಂದು ಅವರೂ ಹೇಳಿಲ್ಲ. ವಾದ ಒಪ್ಪತಕ್ಕದ್ದೇ. ಕೇಂದ್ರ ಬ್ಯಾಂಕಿನ ಕಣ್ಣಿನಿಂದ ನೋಡಿದರಂತೂ ಇದು ಅನುಕೂಲವೇ: ದೇಶದ ಬ್ಯಾಂಕಿಂಗ್‌ನ ಒಂದು ದೊಡ್ಡ ಪಾಲು ನೀತಿ ದರಕ್ಕೆ ಕಿವಿಗೊಡದೇ ಹೋದರೆ ಹಣದುಬ್ಬರ ಹಿಡಿಯುವುದು ಹೇಗೆ?

ತಕರಾರು ಇರುವುದು ಕೌಂಟರಿನ ಈಚೆ ಬದಿಯಲ್ಲಿ.

ಪಾಕಿಸ್ತಾನದ ಸಾಮಾನ್ಯ ಬ್ಯಾಂಕುಗಳ ಉಳಿತಾಯ ಖಾತೆಗೆ ಕನಿಷ್ಠ ಬಡ್ಡಿಯ ನಿಯಮವಿತ್ತು, ಅದು ನೀತಿ ದರದ ಜೊತೆಗೇ ಏರಿಳಿಯುತ್ತಿತ್ತು. ದರ ಶೇ 22 ಇದ್ದಾಗ ಈ ಕನಿಷ್ಠ ಮಿತಿ ಶೇ 20.5. ಇಸ್ಲಾಮಿಕ್ ಬ್ಯಾಂಕುಗಳಿಗೆ ವಿನಾಯಿತಿ, ಏಕೆಂದರೆ ಅಲ್ಲಿ ಠೇವಣಿದಾರ ಸಾಲ ಕೊಟ್ಟವನಲ್ಲ, ಮುದಾರಬಾ ಒಪ್ಪಂದದ ಪಾಲುದಾರ. ಪಾಲುದಾರನಿಗೆ ಇಂತಿಷ್ಟು ಎಂದು ಮೊದಲೇ ಖಾತರಿ ಕೊಡುವಂತಿಲ್ಲ. ಚಾಲ್ತಿ ಖಾತೆಯಲ್ಲಿ ಹಣ ಇಟ್ಟವರಿಗಂತೂ ಏನೂ ಇಲ್ಲ. ಬಡ್ಡಿಯ ಸೋಂಕೇ ಬೇಡವೆಂದು ಅದರಲ್ಲೇ ದುಡ್ಡು ಬಿಟ್ಟ ಶ್ರದ್ಧಾವಂತರು ಅಲ್ಲಿ ಕಡಿಮೆ ಇಲ್ಲ. ಹೀಗೆ ಬರುವ ಕಡೆ ಕೈಬೋರ್, ಕೊಡುವ ಕಡೆ ಪಾಲುದಾರಿಕೆ. ದೇಶದ ಅತಿದೊಡ್ಡ ಇಸ್ಲಾಮಿಕ್ ಬ್ಯಾಂಕಾದ ಮೀಜಾನ್‌ನ ಲಾಭ 2023ರ ಒಂದೇ ವರ್ಷದಲ್ಲಿ ಇಮ್ಮಡಿಯ ಸಮೀಪಕ್ಕೆ ಹೋದದ್ದರಲ್ಲಿ ಆಶ್ಚರ್ಯವೇನಿದೆ? ಬ್ಯಾಂಕು ನಿಯಮ ಮುರಿಯಲಿಲ್ಲ ಎನ್ನುವುದೂ ನಿಜ, ನಿಯಮವೇ ಹಾಗಿತ್ತು.

ಕೇಂದ್ರ ಬ್ಯಾಂಕಾದ ಸ್ಟೇಟ್ ಬ್ಯಾಂಕ್ ಆಫ್ ಪಾಕಿಸ್ತಾನ್ ಕಡೆಗೂ 2025ರ ಜನವರಿಯಿಂದ ಹೊಸ ಕಟ್ಟುಪಾಡು ತಂದಿತು. ಠೇವಣಿ ತೊಡಗಿಸಿ ಬಂದ ಒಟ್ಟು ಗಳಿಕೆಯ ಸರಾಸರಿ ದರದಲ್ಲಿ ಕನಿಷ್ಠ ಶೇ 75ರಷ್ಟು ಉಳಿತಾಯ ಖಾತೆದಾರರಿಗೆ ಸಲ್ಲಬೇಕು. ಶರೀಅತ್‌ಗೆ ಇದರಿಂದ ಧಕ್ಕೆಯೇನೂ ಇದ್ದಂತಿಲ್ಲ. ನಿಗದಿಯಾದದ್ದು ಪ್ರತಿಫಲವಲ್ಲ, ಗಳಿಕೆಯಲ್ಲಿನ ಪಾಲು. ಗಳಿಕೆ ಇಳಿದರೆ ಪಾಲೂ ಇಳಿಯುತ್ತದೆ. ಇಷ್ಟು ಸರಳ ನಿಯಮಕ್ಕೆ ಇಷ್ಟು ವರ್ಷ ಕಾಯಬೇಕಾಯಿತು ಎಂಬುದೇ ಸೋಜಿಗ. ಅದೂ ದೊಡ್ಡ ಕಂಪನಿಗಳ ಠೇವಣಿಗೆ ಅನ್ವಯಿಸದು, ಚಾಲ್ತಿ ಖಾತೆಯವರಿಗೆ ಈಗಲೂ ಬರಿಗೈ.

ಮುಂದಿನ ಗಂಟು ಸರ್ಕಾರದ್ದು. 2024ರ ಅಕ್ಟೋಬರಿನ ಸಂವಿಧಾನ ತಿದ್ದುಪಡಿ 2028ರ ಜನವರಿ 1ರ ಒಳಗೆ ರಿಬಾ, ಅಂದರೆ ಬಡ್ಡಿ, ತೊಲಗಬೇಕೆಂದು ಗಡುವು ಹಾಕಿದೆ. ಆದರೆ ಅಲ್ಲಿನ ಬ್ಯಾಂಕುಗಳಿಂದ ಅತಿಹೆಚ್ಚು ಸಾಲ ಎತ್ತುವುದು ಸರ್ಕಾರವೇ. ಸಾಲಪತ್ರದ ಬದಲು ಸುಕೂಕ್, ಅಂದರೆ ಬಡ್ಡಿಯ ಜಾಗದಲ್ಲಿ ಆಸ್ತಿಯ ಬಾಡಿಗೆ ಕೊಡುವ ಪತ್ರ, ಹೊರಡಿಸಬೇಕೆಂದರೆ ಬೆನ್ನಿಗೆ ನಿಜವಾದ ಆಸ್ತಿ ಬೇಕು. ಲಾಹೋರ್‌ನಿಂದ ಇಸ್ಲಾಮಾಬಾದಿಗೆ ಹೋಗುವ ಎಂ-2 ಹೆದ್ದಾರಿಯ ಭಾಗಗಳು, ಕರಾಚಿಯ ಜಿನ್ನಾ ವಿಮಾನ ನಿಲ್ದಾಣ ಈಗಾಗಲೇ ಈ ಲೆಕ್ಕಕ್ಕೆ ಬಂದುಹೋಗಿವೆ. ಸಾಲ ಬೆಳೆಯುವ ವೇಗದಲ್ಲಿ ಹೆದ್ದಾರಿಗಳು ಬೆಳೆಯುವುದಿಲ್ಲ. ಆಸ್ತಿ ಸಾಲದೇ ಹೋದಾಗ ಸರ್ಕಾರ ಖರ್ಚು ತಗ್ಗಿಸುತ್ತದೋ ಅಥವಾ ಅದೇ ರಸ್ತೆಯನ್ನು ಹೊಸ ಹೆಸರಿನಲ್ಲಿ ಮತ್ತೊಮ್ಮೆ ಬಾಡಿಗೆಗೆ ಹಚ್ಚುತ್ತದೋ ಎಂಬುದರ ಮೇಲೆ ಈ ಗಡುವಿನ ಬೆಲೆ ನಿಂತಿದೆ.