ಶಾಲು ಹೊದಿಸಿದರೆ ಸಾಲದು, ಹಿರಿಯರಿಗೆ ಹಕ್ಕೂ ಬೇಕು

ಅಕ್ಟೋಬರ್ 1 ಬಂತೆಂದರೆ ನಮ್ಮ ಸಂಘಗಳಲ್ಲಿ ಹಿರಿಯ ನಾಗರಿಕರಿಗೆ ಸನ್ಮಾನ ನಡೆಯುತ್ತದೆ. ಎಪ್ಪತ್ತೈದು ದಾಟಿದ ಐದಾರು ಮಂದಿಯನ್ನು ವೇದಿಕೆಯಲ್ಲಿ ಕೂರಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಫೋಟೋ ತೆಗೆಸುತ್ತೇವೆ. ಇದರಲ್ಲಿ ತಪ್ಪೇನೂ ಇಲ್ಲ, ಆ ಬುಟ್ಟಿಗಳನ್ನು ಹೊತ್ತು ತಂದವರಲ್ಲಿ ನಾನೂ ಒಬ್ಬ. ಆದರೆ ಮರುದಿನ ಆ ಹಿರಿಯರ ಪಾಸ್‌ಬುಕ್ ಯಾರ ಕೈಯಲ್ಲಿರುತ್ತದೆ ಎಂದು ನಾವು ಕೇಳುವುದಿಲ್ಲ.

ಬ್ಯಾಂಕಿನ ಕೌಂಟರಿನಲ್ಲಿ ಕೂತವನಿಗೆ ಅದು ತಾನಾಗಿಯೇ ಕಾಣುತ್ತದೆ. ಸನತ್‌ನಗರದ ಕಾರ್ಖಾನೆಗಳ ಕೆಲಸಕ್ಕೆಂದು ಬೀದರ್, ಕಲಬುರಗಿ ಕಡೆಯಿಂದ ಬಂದು ನೆಲೆಸಿದ ಕುಟುಂಬಗಳು ನಮ್ಮಲ್ಲಿವೆ. ಊರಲ್ಲಿದ್ದ ತಾಯಿ ಗಂಡ ತೀರಿಕೊಂಡ ಮೇಲೆ ಮಗನ ಮನೆಗೆ ಬರುತ್ತಾಳೆ. ಅಂಥ ಅಜ್ಜಿಯೊಬ್ಬರು ಪ್ರತಿ ನವೆಂಬರಿನಲ್ಲಿ ಜೀವನ ಪ್ರಮಾಣ ಪತ್ರ ಕೊಡಲು ಮಗನೊಂದಿಗೆ ಬರುತ್ತಿದ್ದರು. ಬೆರಳ ಗೆರೆ ಸವೆದುಹೋಗಿ ಯಂತ್ರ ಒಪ್ಪುತ್ತಿರಲಿಲ್ಲ, ಮೂರು ನಾಲ್ಕು ಸಲ ಒತ್ತಿಸಬೇಕಾಗುತ್ತಿತ್ತು. ಕುಟುಂಬ ಪಿಂಚಣಿ ಅವರ ಹೆಸರಿಗೆ ಜಮಾ ಆಗುತ್ತಿತ್ತು, ಎಟಿಎಂ ಕಾರ್ಡು ಮಗನ ಜೇಬಿನಲ್ಲಿತ್ತು. ಒಮ್ಮೆ ಮಗ ಜೆರಾಕ್ಸ್ ಮಾಡಿಸಲು ಹೊರಗೆ ಹೋದಾಗ ಅಜ್ಜಿ ಕಿಂಡಿಗೆ ಮುಖ ತಂದು, "ಯಪ್ಪಾ, ನನ್ನ ಪುಸ್ತಕದಾಗ ರೊಕ್ಕ ಎಷ್ಟದಾವ, ನೋಡಿ ಹೇಳು" ಎಂದರು. ನೋಡಿ ಹೇಳಿದೆ. ಅವರು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ ಇತ್ತೆಂಬುದು ಮುಖದಲ್ಲೇ ತಿಳಿಯಿತು. "ನಾ ಕೇಳಿದ್ದು ಅವಂಗ ಹೇಳಬ್ಯಾಡ" ಎಂದಷ್ಟೇ ಹೇಳಿ ಬೆಂಚಿನ ಮೇಲೆ ಹೋಗಿ ಕೂತರು. ನಾನು ಹೇಳಲಿಲ್ಲ. ಬೇರೇನೂ ಮಾಡಲೂ ಇಲ್ಲ.

ನಮ್ಮ ದೇಶದಲ್ಲಿ ಕಾನೂನು ಇಲ್ಲವೆಂದಲ್ಲ. ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ 2007ರಲ್ಲೇ ಬಂದಿದೆ. ಹೊರನಾಡಿನಲ್ಲಿರುವ ನಾವು ಅದರ ಒಂದು ಅಂಶವನ್ನು ಮುಖ್ಯವಾಗಿ ತಿಳಿದಿರಬೇಕು. ತಾಯಿ ಬೀದರಿನಲ್ಲಿ, ಮಗ ಹೈದರಾಬಾದಿನಲ್ಲಿ ಇದ್ದರೆ ತಾಯಿ ತಾನಿರುವ ಜಿಲ್ಲೆಯಲ್ಲೂ ಅರ್ಜಿ ಹಾಕಬಹುದು, ಮಗ ಇರುವ ಜಿಲ್ಲೆಯಲ್ಲೂ ಹಾಕಬಹುದು. ಕರ್ನಾಟಕದಲ್ಲಿ ಉಪವಿಭಾಗಾಧಿಕಾರಿ, ಇಲ್ಲಿ ಆರ್‌ಡಿಒ ವಿಚಾರಣೆ ನಡೆಸುತ್ತಾರೆ. ನೋಟೀಸು ತಲುಪಿದ ತೊಂಬತ್ತು ದಿನದೊಳಗೆ ತೀರ್ಮಾನವಾಗಬೇಕೆಂದು ಕಾಯ್ದೆ ಹೇಳುತ್ತದೆ. ನೋಡಿಕೊಳ್ಳುತ್ತಾನೆಂಬ ಷರತ್ತಿನ ಮೇಲೆ ಮಗನಿಗೆ ಮನೆ ಬರೆದುಕೊಟ್ಟು ಮೋಸಹೋದವರು ಆ ದಾನಪತ್ರವನ್ನು ರದ್ದು ಮಾಡಿಸಲೂಬಹುದು. ಈ ಕಲಮನ್ನು ಹಿರಿಯರ ಪರವಾಗಿ ಉದಾರವಾಗಿ ಅರ್ಥೈಸಬೇಕೆಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ಆದರೂ ದಾನಪತ್ರ ಬರೆಸುವಾಗಲೇ ಷರತ್ತನ್ನು ಅದರಲ್ಲಿ ಸೇರಿಸುವುದು ಕ್ಷೇಮ.

ಕೊರತೆಗಳೂ ಇವೆ. ಮಾಸಾಶನದ ಮಿತಿ ತಿಂಗಳಿಗೆ 10,000 ರೂಪಾಯಿ ಎಂದು 2007ರಲ್ಲಿ ಬರೆದಿದ್ದಾರೆ. ಇದನ್ನು ತೆಗೆಯಲು 2019ರಲ್ಲಿ ಮಂಡಿಸಿದ ತಿದ್ದುಪಡಿ ಮಸೂದೆ 2024ರಲ್ಲಿ ಲೋಕಸಭೆಯ ಅವಧಿಯೊಂದಿಗೇ ಬಿದ್ದುಹೋಯಿತು. ಅದಕ್ಕಿಂತ ದೊಡ್ಡ ಕೊರತೆಯೆಂದರೆ, ಈ ಕಾಯ್ದೆಯಲ್ಲಿ ಮುದುಕರೆಂದರೆ ಹೆಚ್ಚಾಗಿ ಮಕ್ಕಳು ಸಾಕಬೇಕಾದವರು. ಮಕ್ಕಳಿಲ್ಲದವರ, ಆಸ್ಪತ್ರೆಯಲ್ಲಿ 'ಈ ವಯಸ್ಸಿಗೆ ಯಾಕೆ ಆಪರೇಷನ್' ಎನಿಸಿಕೊಂಡವರ, ಎಲ್ಲವೂ ಮೊಬೈಲಿಗೆ ಹೋದ ಮೇಲೆ ತಮ್ಮ ದುಡ್ಡನ್ನು ತಾವೇ ನೋಡಲಾರದವರ ಗತಿಯೇನು?

ರಿಯಾಯಿತಿಗೂ ಹಕ್ಕಿಗೂ ಇರುವ ವ್ಯತ್ಯಾಸ ತಿಳಿಯಲು ರೈಲನ್ನು ನೋಡಿದರೆ ಸಾಕು. ಅರವತ್ತು ದಾಟಿದ ಗಂಡಸರಿಗೆ ಶೇ. 40, ಐವತ್ತೆಂಟು ದಾಟಿದ ಹೆಂಗಸರಿಗೆ ಶೇ. 50 ಇದ್ದ ರಿಯಾಯಿತಿ 2020ರ ಮಾರ್ಚಿನಲ್ಲಿ ಒಂದು ಆದೇಶದಿಂದ ನಿಂತುಹೋಯಿತು. ಹಕ್ಕನ್ನು ಅಷ್ಟು ಸುಲಭವಾಗಿ ಕಿತ್ತುಕೊಳ್ಳಲಾಗದು.

ಇಲ್ಲಿಯೇ ಅಂತಾರಾಷ್ಟ್ರೀಯ ಒಪ್ಪಂದದ ಮಾತು ಬರುತ್ತದೆ. ಮಹಿಳೆಯರಿಗೆ 1979ರಲ್ಲಿ, ಮಕ್ಕಳಿಗೆ 1989ರಲ್ಲಿ, ಅಂಗವಿಕಲರಿಗೆ 2006ರಲ್ಲಿ ವಿಶ್ವಸಂಸ್ಥೆಯ ಒಪ್ಪಂದಗಳು ಬಂದವು. ವೃದ್ಧರಿಗೆ ಮಾತ್ರ ಇಲ್ಲ. ಅರ್ಜೆಂಟೀನಾ ದೇಶ 1948ರಲ್ಲೇ ವೃದ್ಧರ ಹಕ್ಕುಗಳ ಕರಡನ್ನು ಮುಂದಿಟ್ಟಿತ್ತು. ಆಮೇಲೆ 1982ರಲ್ಲಿ ವಿಯೆನ್ನಾ, 2002ರಲ್ಲಿ ಮ್ಯಾಡ್ರಿಡ್ ಕ್ರಿಯಾಯೋಜನೆಗಳು ಬಂದರೂ ಅವು ಸರ್ಕಾರಗಳನ್ನು ಕಟ್ಟಿಹಾಕುವಂಥವಲ್ಲ. 2010ರಲ್ಲಿ ರಚನೆಯಾದ ಕಾರ್ಯತಂಡ ನ್ಯೂಯಾರ್ಕಿನಲ್ಲಿ ಹದಿನಾಲ್ಕು ಅಧಿವೇಶನ ನಡೆಸಿತು. ಹಲವು ದೇಶಗಳ ಹಿರಿಯರ ಸಂಘಟನೆಗಳು ಬಿಡದೆ ಒತ್ತಾಯಿಸಿದ ಮೇಲೆ, ಕಡೆಗೆ 2025ರ ಏಪ್ರಿಲ್ 3ರಂದು ಜಿನೀವಾದ ಮಾನವ ಹಕ್ಕುಗಳ ಮಂಡಳಿ, ಕಾನೂನುಬದ್ಧ ಒಪ್ಪಂದದ ಕರಡು ಸಿದ್ಧಪಡಿಸಲು ಹೊಸ ಕಾರ್ಯತಂಡ ರಚಿಸುವ ನಿರ್ಣಯವನ್ನು ಮತದಾನವಿಲ್ಲದೆ ಒಪ್ಪಿತು.

ಜಿನೀವಾದ ಕಾಗದದಿಂದ ಸನತ್‌ನಗರದ ಅಜ್ಜಿಗೇನು ಲಾಭ ಎಂದು ಮಿತ್ರರೊಬ್ಬರು ನಕ್ಕರು. ನಾಳೆಯೇ ಏನೂ ಇಲ್ಲ, ಒಪ್ಪುತ್ತೇನೆ. ಆದರೆ ಅಂಗವಿಕಲರ ಒಪ್ಪಂದಕ್ಕೆ ಭಾರತ 2007ರಲ್ಲಿ ಒಪ್ಪಿಗೆ ಕೊಟ್ಟಿತು, ಅದನ್ನು ಜಾರಿಗೆ ತರಲೆಂದೇ 2016ರ ಹೊಸ ಕಾಯ್ದೆ ಬಂತು. ಮೊದಲು 'ಪಾಪ' ಎನಿಸಿಕೊಳ್ಳುತ್ತಿದ್ದವರು ಇಂದು ಕಲಂ ತೋರಿಸಿ ಕೇಳುತ್ತಾರೆ. ಅದೇ ಮಿತ್ರರು 'ತಂದೆ ತಾಯಿಯನ್ನು ನೋಡಿಕೊಳ್ಳುವುದು ನಮ್ಮ ಸಂಸ್ಕೃತಿ, ಅದಕ್ಕೆ ಕಾನೂನೇಕೆ' ಎಂದೂ ಕೇಳಿದರು. ಹಾಗಿದ್ದರೆ ಆಸ್ಪತ್ರೆಗಳಲ್ಲಿ ಹೆತ್ತವರನ್ನು ಬಿಟ್ಟುಹೋಗುವ ಮಕ್ಕಳಿಗೆ ಬರೆದುಕೊಟ್ಟ ಆಸ್ತಿಯನ್ನು ರದ್ದು ಮಾಡಿಸಿ ಎಂದು ಕರ್ನಾಟಕದ ಸಚಿವರು 2025ರಲ್ಲಿ ಹೇಳಬೇಕಾಗಿ ಬಂದದ್ದೇಕೆ? ತಂದೆ ತಾಯಿಯನ್ನು ಕಡೆಗಣಿಸುವ ನೌಕರರ ಸಂಬಳ ಕಡಿತ ಮಾಡುತ್ತೇವೆಂದು ತೆಲಂಗಾಣದ ಮುಖ್ಯಮಂತ್ರಿ ಅದೇ ವರ್ಷ ಹೇಳಿದ್ದೇಕೆ?

ಭಾರತ 2026ರಿಂದ 2028ರವರೆಗಿನ ಅವಧಿಗೆ ಆ ಮಂಡಳಿಗೆ ಆಯ್ಕೆಯಾಗಿದೆ. ಆದ್ದರಿಂದ ನಮ್ಮ ದನಿ ಮುಟ್ಟಿಸಲು ಇದು ಸರಿಯಾದ ಕಾಲ. ಹೈದರಾಬಾದಿನ ಕನ್ನಡ ಸಂಘಗಳು ಮುಂದಿನ ಸರ್ವಸದಸ್ಯರ ಸಭೆಯಲ್ಲಿ, ಭಾರತ ಈ ಒಪ್ಪಂದವನ್ನು ಬೆಂಬಲಿಸಬೇಕೆಂದು ಒಂದು ನಿರ್ಣಯ ಮಾಡಿ ವಿದೇಶಾಂಗ ಹಾಗೂ ಸಾಮಾಜಿಕ ನ್ಯಾಯ ಸಚಿವಾಲಯಗಳಿಗೆ ಕಳಿಸಲಿ. ಖರ್ಚು ಎರಡು ಅಂಚೆ ಲಕೋಟೆಯಷ್ಟೇ. ಜೊತೆಗೆ ತಿಂಗಳಿಗೊಂದು ಭಾನುವಾರ ಸಂಘದಲ್ಲಿ ಯಾರಾದರೂ ಇಬ್ಬರು ಕೂತು, ತೆಲುಗು ಬಾರದ ಹಿರಿಯರಿಗೆ ಪಾಸ್‌ಬುಕ್ ಓದಿ ಹೇಳುವ, ಅರ್ಜಿ ಬರೆದುಕೊಡುವ ಕೆಲಸ ಮಾಡಬಹುದು. ಹಿರಿಯರ ಸಹಾಯವಾಣಿ 14567 ಈಗ ದೇಶಕ್ಕೆಲ್ಲ ಇದೆ, ಅದು 2017ರಲ್ಲಿ ಮೊದಲು ಶುರುವಾದದ್ದು ನಮ್ಮ ಹೈದರಾಬಾದಿನಲ್ಲೇ. ಆ ಸಂಖ್ಯೆಯನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಸಂಘದ ಬಾಗಿಲಿಗೆ ಅಂಟಿಸೋಣ. ಆ ಭಾನುವಾರದ ಇಬ್ಬರಲ್ಲಿ ಒಬ್ಬನಾಗಿ ನನ್ನ ಹೆಸರನ್ನು ಈಗಲೇ ಬರೆದುಕೊಳ್ಳಬಹುದು.