ಬೋಳು ಬೆಟ್ಟ ಅಂತ ಹೇಳಿದ್ದು ಯಾರು?

ಹಾಸ್ಟೆಲ್ ಮೆಸ್ಸಿನ ಬಾಗಿಲಿಗೆ ಅಂಟಿಸಿರುವ ಪೋಸ್ಟರ್ ನೀವೆಲ್ಲ ನೋಡಿರುತ್ತೀರಿ. ಜೂನ್‌ನಲ್ಲಿ ಎರಡು ದಿನದ ಚಿಕ್ಕಮಗಳೂರು ಟ್ರೆಕ್, ಜೊತೆಗೆ ಐದು ಸಾವಿರ ಬೀಜದುಂಡೆ. ಕೆಳಗೆ ದಪ್ಪ ಅಕ್ಷರದಲ್ಲಿ "ಬೋಳು ಬೆಟ್ಟಕ್ಕೆ ಹಸಿರು ಹೊದಿಸೋಣ ಬನ್ನಿ". ಟ್ರೆಕ್‌ಗೆ ನಾನೂ ಹೆಸರು ಕೊಟ್ಟಿದ್ದೇನೆ. ಬೀಜದುಂಡೆಗಳನ್ನು ಮಾತ್ರ ಇಲ್ಲೇ ಬಿಟ್ಟು ಹೋಗೋಣ ಅಂತ ಹೇಳೋಕೆ ಇದನ್ನು ಬರೆಯುತ್ತಿದ್ದೇನೆ.

ಇದನ್ನು ಮಾಡುತ್ತಿರುವವರು ನನ್ನ ಗೆಳೆಯರೇ. ಮೂರು ಶನಿವಾರ ಕೂತು ಮಣ್ಣು, ಗೊಬ್ಬರ ಕಲಸಿ ಉಂಡೆ ಕಟ್ಟಿದ್ದಾರೆ. ಅವರ ಮನಸ್ಸಿನ ಬಗ್ಗೆ ನನಗೇನೂ ಅನುಮಾನ ಇಲ್ಲ. ಅನುಮಾನ ಇರೋದು "ಬೋಳು" ಅನ್ನೋ ಒಂದು ಪದದ ಮೇಲೆ.

ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್, ನಮ್ಮ ರಾಜ್ಯದಲ್ಲೇ ಎತ್ತರದ ಶಿಖರ. ಕುದುರೆಮುಖ 1,890ರ ಆಸುಪಾಸು. ಈ ಬೆಟ್ಟಗಳ ಯಾವ ಫೋಟೋ ತೆಗೆದು ನೋಡಿದರೂ ಒಂದು ವಿಚಿತ್ರ ಕಾಣುತ್ತೆ. ಎರಡು ಗುಡ್ಡ ಸೇರುವ ಮಡಿಕೆಯಲ್ಲಿ ದಟ್ಟ ಕಾಡು, ಗುಡ್ಡದ ಬೆನ್ನಿನ ಮೇಲೆಲ್ಲ ಬರೀ ಹುಲ್ಲು. ಮಡಿಕೆಯ ಆ ಕಾಡಿಗೆ ಶೋಲಾ ಅಂತಾರೆ. ಗೆರೆ ಎಳೆದ ಹಾಗೆ ಕಾಡು ನಿಲ್ಲುತ್ತೆ, ಹುಲ್ಲು ಶುರುವಾಗುತ್ತೆ. ಆಲ್ಪ್ಸ್ ಪರ್ವತದಲ್ಲಿ ಒಂದು ಎತ್ತರ ದಾಟಿದ ಮೇಲೆ ಚಳಿಗೆ ಮರ ಬರೋದೇ ಇಲ್ಲ, ಅದು ಸುಲಭದ ಲೆಕ್ಕ. ನಮ್ಮಲ್ಲಿ ಮರ, ಹುಲ್ಲು ಎರಡೂ ಒಂದೇ ಎತ್ತರದಲ್ಲಿ ಪಕ್ಕಪಕ್ಕ ಇರುತ್ತವೆ. ತೆಳ್ಳಗಿನ ಮಣ್ಣು, ನಿಲ್ಲದ ಗಾಳಿ, ಆಗಾಗ ಬೀಳುವ ಬೆಂಕಿ, ನೀಲಗಿರಿಯಂಥ ಕಡೆ ಹೆಪ್ಪುಗಟ್ಟುವ ಮಂಜು, ಇದರಲ್ಲಿ ಯಾವುದರ ಪಾಲು ಎಷ್ಟು ಅಂತ ವಿಜ್ಞಾನಿಗಳು ಇನ್ನೂ ವಾದ ಮಾಡ್ತಾ ಇದ್ದಾರೆ.

ವಾದ ಕಾರಣದ ಬಗ್ಗೆ, ವಯಸ್ಸಿನ ಬಗ್ಗೆ ಅಲ್ಲ. ಐಐಎಸ್‌ಸಿಯ ರಾಮನ್ ಸುಕುಮಾರ್ ಮತ್ತು ಅವರ ಸಂಗಡಿಗರು 1993ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನೀಲಗಿರಿಯ ಜೌಗು ಜಾಗದಲ್ಲಿ ಪದರ ಪದರವಾಗಿ ಕೂತಿರುವ ಪೀಟ್ ಮಣ್ಣನ್ನು ತೆಗೆದು ಅದರ ಕಾರ್ಬನ್ ಐಸೋಟೋಪ್ ಅಳೆದರು. ಬಿಸಿಲುನಾಡಿನ ಹುಲ್ಲುಗಳು ಸಿ-4 ದಾರಿಯಲ್ಲಿ ಆಹಾರ ಮಾಡಿಕೊಳ್ಳುತ್ತವೆ, ಮರಗಳು ಸಿ-3 ದಾರಿಯಲ್ಲಿ. ಎರಡರಲ್ಲೂ ಕಾರ್ಬನ್-13ರ ಪ್ರಮಾಣ ಬೇರೆ. ಹಾಗಾಗಿ ಯಾವ ಪದರದ ಕಾಲದಲ್ಲಿ ಏನು ಜಾಸ್ತಿ ಬೆಳೆದಿತ್ತು ಅಂತ ಗೊತ್ತಾಗುತ್ತೆ. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದ ಹೊತ್ತಿಗೇ ಅಲ್ಲಿ ಹುಲ್ಲು ಹರಡಿತ್ತು. ಆಮೇಲೆ ಮಳೆ ಹೆಚ್ಚು ಕಡಿಮೆ ಆದ ಹಾಗೆ ಕಾಡು ಹಿಗ್ಗಿದೆ, ಕುಗ್ಗಿದೆ. ಅಂದ್ರೆ ಯಾರೋ ಕಾಡು ಕಡಿದಿದ್ದಕ್ಕೆ ಹುಲ್ಲು ಬಂತು ಅನ್ನೋ ಕಥೆ ನಿಲ್ಲೋದಿಲ್ಲ. (ಅಂದ ಹಾಗೆ ನಮ್ಮ ಬಿಳಿಜೋಳವೂ ಸಿ-4 ಹುಲ್ಲೇ. ದಿನಾ ರೊಟ್ಟಿ ತಿನ್ನೋರು ಹುಲ್ಲಿಗೆ ಅಷ್ಟಾದರೂ ಮರ್ಯಾದೆ ಕೊಡಬೇಕು.)

ಆ ಹುಲ್ಲಿನಲ್ಲಿ ಕಾಡುಕೋಣ, ಕಡವೆ ಮೇಯುತ್ತವೆ. ಹನ್ನೆರಡು ವರ್ಷಕ್ಕೊಮ್ಮೆ ಹೂ ಬಿಡುವ ನೀಲಕುರಿಂಜಿ, ಅಲ್ಲಿಯವರು ಗುರುಗಿ ಅನ್ನೋದು, ಅದೂ ಇದೇ ತೆರೆದ ಇಳಿಜಾರಿನ ಗಿಡ. ಚಂದ್ರದ್ರೋಣ ಬೆಟ್ಟಸಾಲಿನಲ್ಲಿ 2022ರಲ್ಲಿ ಅರಳಿತ್ತು. ಇನ್ನೊಮ್ಮೆ ಅರಳುವ ಹೊತ್ತಿಗೆ ನಾವೆಲ್ಲ ಮೂವತ್ತರ ಹತ್ತಿರ ಇರ್ತೀವಿ. ಅಷ್ಟರಲ್ಲಿ ಅಲ್ಲಿ ಮರದ ನೆರಳು ಬಿದ್ದಿದ್ದರೆ ಅದು ಎಲ್ಲಿ ಅರಳಬೇಕು?

ಸಿವಿಲ್‌ನವರಿಗೆ ಇಷ್ಟವಾಗೋ ಒಂದು ಪ್ರಯೋಗ ಇದೆ. ಊಟಿ ಹತ್ತಿರದ ಗ್ಲೆನ್‌ಮಾರ್ಗನ್‌ನಲ್ಲಿ ಪಕ್ಕಪಕ್ಕದ ಎರಡು ಸಣ್ಣ ಜಲಾನಯನಗಳನ್ನು ಆರಿಸಿಕೊಂಡರು. ಒಂದನ್ನು ಹುಲ್ಲು, ಶೋಲಾ ಇದ್ದ ಹಾಗೇ ಬಿಟ್ಟರು. ಇನ್ನೊಂದರ ಶೇ. 59ರಷ್ಟು ಜಾಗದಲ್ಲಿ 1972ರಲ್ಲಿ ನೀಲಗಿರಿ ಮರ ಹಾಕಿದರು. ಮೊದಲ ಹತ್ತು ವರ್ಷದ ಸರಾಸರಿ ತೆಗೆದರೆ, ಮರ ಹಾಕಿದ ಕಡೆಯಿಂದ ಹರಿದು ಬಂದ ನೀರು ಶೇ. 16ರಷ್ಟು ಕಡಿಮೆ ಆಗಿತ್ತು. ನಮ್ಮ ಉಂಡೆಯಲ್ಲಿರೋದು ನೀಲಗಿರಿ ಅಲ್ಲ, ಹೊಂಗೆ ಮತ್ತು ಬೇವು, ಒಪ್ಪಿದೆ. ಆದರೆ ಮರದ ಬೇರು ಹುಲ್ಲಿಗಿಂತ ಆಳಕ್ಕೆ ಹೋಗುತ್ತೆ, ವರ್ಷವಿಡೀ ನೀರು ಎಳೆಯುತ್ತೆ ಅನ್ನೋದು ಎರಡಕ್ಕೂ ಒಂದೇ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟೋದು ಕುದುರೆಮುಖದ ಕಡೆಯ ಗಂಗಾಮೂಲದಲ್ಲಿ. ಹೊಸಪೇಟೆ ಡ್ಯಾಮಿನ ನೀರು ಕುಡಿಯೋರಿಗೂ ಆ ಹುಲ್ಲಿಗೂ ಸಂಬಂಧ ಇದೆ.

ಇನ್ನು ಬೇವು. ನಮ್ಮ ಕಡೆ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ, ಅಲ್ಲಿ ಬೇವು ರಾಜ. ಕುದುರೆಮುಖದಲ್ಲಿ ಬೀಳೋದು ಸುಮಾರು 7,000. ಅಲ್ಲಿ ಬೇವು ಬದುಕೋದು ಕಷ್ಟ ಅನ್ನಲಿಕ್ಕೆ ಬಾಟನಿ ಓದಬೇಕಿಲ್ಲ. "ಹಂಗಾದ್ರ ಬೆಳೆಯೋದೇ ಇಲ್ಲಲ್ಲೋ, ಎಸೆದ್ರ ಏನ್ ಹಾನಿ?" ಅಂತ ನನ್ನ ರೂಮ್‌ಮೇಟ್ ಕೇಳಿದ. ಬೆಳೆಯದಿದ್ದರೆ ಮೂರು ಶನಿವಾರದ ಶ್ರಮ ದಂಡ. ಬೆಳೆದರೆ ಹುಲ್ಲಿಗೆ ದಂಡ. ಲಾಭದ ಕಾಲಂ ಎಲ್ಲಿದೆ ತೋರಿಸಪ್ಪ ಅಂದೆ.

ಕಾರ್ಬನ್ ಅಂತ ಇನ್ನೊಂದು ವಾದ ಬರುತ್ತೆ. ಮರ ಹೆಚ್ಚಾದರೆ ಕಾರ್ಬನ್ ಹೀರುತ್ತೆ, ಭೂಮಿ ತಣ್ಣಗಾಗುತ್ತೆ. ಈ ಲೆಕ್ಕ ಸ್ಕಾಟ್ಲೆಂಡ್‌ನಲ್ಲಿ ಹೇಗೆ ಉಲ್ಟಾ ಹೊಡೆಯಿತು ನೋಡಿ. ಅಲ್ಲಿಯ ಫ್ಲೋ ಕಂಟ್ರಿ ಅನ್ನೋದು ಮರ ಇಲ್ಲದ ದೊಡ್ಡ ಪೀಟ್ ಜೌಗು, ನೋಡೋಕೆ ಪಾಳುಬಿದ್ದ ಹಾಗಿರುತ್ತೆ. 1980ರ ದಶಕದಲ್ಲಿ ತೆರಿಗೆ ವಿನಾಯಿತಿಯ ಆಸೆಗೆ ಶ್ರೀಮಂತರು ಅದನ್ನು ಉತ್ತು ಪೈನ್, ಸ್ಪ್ರೂಸ್ ಮರ ಹಾಕಿಸಿದರು. ಜೌಗು ಒಣಗಿತು. ಸಾವಿರಾರು ವರ್ಷದಿಂದ ಮಣ್ಣಿನಲ್ಲಿ ಕೂತಿದ್ದ ಕಾರ್ಬನ್ ಹೊರಗೆ ಬರತೊಡಗಿತು. 1988ರಲ್ಲಿ ಸರ್ಕಾರ ಆ ವಿನಾಯಿತಿ ತೆಗೆದುಹಾಕಿತು. ಈಗ ಅವೇ ಮರಗಳನ್ನು ದುಡ್ಡು ಕೊಟ್ಟು ಕಡಿಸುತ್ತಿದ್ದಾರೆ. 2024ರಲ್ಲಿ ಆ ಜಾಗ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿತು, ಮರಕ್ಕಾಗಿ ಅಲ್ಲ, ಜೌಗಿಗಾಗಿ. ನಮ್ಮ ಹುಲ್ಲು ಬೆಟ್ಟ ಅಷ್ಟು ಪೀಟ್ ಇರುವ ಜಾಗ ಅಲ್ಲ. ಆದರೂ ಹುಲ್ಲು ತನ್ನ ಕಾರ್ಬನ್ನಿನ ಹೆಚ್ಚಿನ ಪಾಲು ಇಡೋದು ನೆಲದ ಕೆಳಗೇ, ಬೇರಿನಲ್ಲಿ, ಮಣ್ಣಿನಲ್ಲಿ. ಮೇಲೆ ಕಾಣದಿದ್ದರೆ ಇಲ್ಲ ಅಂತ ಅಲ್ಲ.

ಇಷ್ಟು ಸಿಟ್ಟು ಯಾಕೆ ಅಂತ ಕೇಳ್ತೀರಿ. ನಾನು ಚಡಚಣದವನು. ಗೂಗಲ್ ಮ್ಯಾಪ್ ತೆಗೆಯೋದು ಬೇಡ, ವಿಜಯಪುರ ಜಿಲ್ಲೆಯ ಉತ್ತರದ ತುದಿ, ಧೂಳಖೇಡದ ಹತ್ತಿರ ಭೀಮಾ ದಾಟಿದರೆ ಮಹಾರಾಷ್ಟ್ರ. ಜನಪದ ಸಾಹಿತ್ಯದ ಸಿಂಪಿ ಲಿಂಗಣ್ಣನವರ ಊರು. ಬೆಟ್ಟ ಅನ್ನೋದು ನಮಗೆ ಪಠ್ಯಪುಸ್ತಕದ ವಿಷಯ. ಆದರೆ ನಮ್ಮಲ್ಲಿ ಮಡ್ಡಿ ಅದ. ಎರಿಹೊಲದ ಆಚೆ, ಕಲ್ಲು, ತೆಳು ಮಣ್ಣು, ಮೊಣಕಾಲೆತ್ತರ ಹುಲ್ಲು ಇರುವ ಎತ್ತರದ ಜಾಗ. ಹೊರಗಿನಿಂದ ಬಂದವರು ಮೊದಲು ಅನ್ನೋದೇ "ಇಲ್ಲಿ ಏನೂ ಇಲ್ವಲ್ಲ". ನಮ್ಮಜ್ಜನಿಗೆ ಈ ಮಾತು ಕೇಳಿದರೆ ಆಗೋದಿಲ್ಲ. "ಏನೂ ಇಲ್ಲ ಅಂತ ಕುರಿಗಿ ಹೋಗಿ ಹೇಳ್ರಿ" ಅಂತಾನ. ಮಡ್ಡಿಯಲ್ಲಿ ಮೇಯ್ದ ಕುರಿಯನ್ನ ಬೆಳೆ ತೆಗೆದ ಮೇಲೆ ಹೊಲದಾಗ ನಿಲ್ಲಸ್ತಾರ, ಅದೇ ಗೊಬ್ಬರ. ಸರ್ಕಾರದ ಬಂಜರು ಭೂಮಿ ನಕ್ಷೆಯಲ್ಲಿ ಮಾತ್ರ ಇಂಥ ಕುರುಚಲು, ಹುಲ್ಲುಗಾವಲಿನ ಎಷ್ಟೋ ನೆಲ "ವೇಸ್ಟ್‌ಲ್ಯಾಂಡ್" ಪಟ್ಟಿಗೆ ಸೇರುತ್ತೆ.

ಆ ಪದದ ಬೆಲೆ ಏನು ಅಂತ ತಿಳಿಯೋಕೆ ಸೊಲ್ಲಾಪುರ ಸಾಕು. ಅದರ ಹತ್ತಿರದ ನಾನಜ್‌ನಲ್ಲಿ ಎರ್ಲಡ್ಡು ಹಕ್ಕಿಗಾಗಿ 1979ರಲ್ಲೇ ಅಭಯಾರಣ್ಯ ಮಾಡಿದರು. ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್. ತೆರೆದ ಹುಲ್ಲು ಬೇಕು ಅದಕ್ಕೆ, ನೆಲದ ಮೇಲೇ ಮೊಟ್ಟೆ ಇಡುತ್ತೆ. ಇವತ್ತು ಅಲ್ಲಿ ಅದು ಕಾಣೋದೇ ಅಪರೂಪ. ಹುಲ್ಲು ಹೋಗಿ ನೀರಾವರಿ ಹೊಲ ಬಂತು, ಕರೆಂಟಿನ ತಂತಿ ಬಂತು, ಹುಲ್ಲುಗಾವಲಿನಲ್ಲಿ ನೆಟ್ಟ ಮರಗಳೂ ಈ ಹಕ್ಕಿಯ ವೈರಿಗಳ ಪಟ್ಟಿಯಲ್ಲಿವೆ. ಖಾಲಿ ಇದೆ ಅಂದುಕೊಂಡು ತುಂಬಿದ್ದರ ಪರಿಣಾಮ ಅದು.

ಟ್ರೆಕ್ಕೇ ಬೇಡ ಅಂತ ನಾನು ಹೇಳ್ತಿಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಸಾಲುಗಟ್ಟಿ ನಿಂತ ಜನರ ವಿಡಿಯೋ ನೀವೂ ಫಾರ್ವರ್ಡ್ ಮಾಡಿರ್ತೀರಿ. ಅದಾದ ಮೇಲೆ ಅರಣ್ಯ ಇಲಾಖೆ ಚಾರಣ ನಿಲ್ಲಿಸಿ, ಆನ್‌ಲೈನ್ ಬುಕಿಂಗ್ ತಂದು, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಹಾಕಿತು. ಸ್ಲಾಟ್ ಸಿಗದೆ ಬೈಯೋರು ಬಹಳ. ನನಗಂತೂ ಆ ಮಿತಿ ಸರಿ ಅನ್ನಿಸುತ್ತೆ, ನೂರಾರು ಬೂಟು ಒಂದೇ ದಾರಿಯಲ್ಲಿ ತುಳಿದರೆ ತೆಳು ಮಣ್ಣು ಮೊದಲ ಮಳೆಗೇ ಕೊಚ್ಚಿ ಹೋಗುತ್ತೆ.

ಆ ಐದು ಸಾವಿರ ಉಂಡೆ ಏನು ಮಾಡೋದು? ಕ್ಯಾಂಪಸ್ಸಿನ ಹಿಂದಿನ ಕಾಂಪೌಂಡ್ ಉದ್ದಕ್ಕೂ ಜಾಗ ಇದೆ. ಬೇವು, ಹೊಂಗೆ ಎರಡೂ ಇಲ್ಲಿ ಬದುಕುತ್ತವೆ, ನೀರು ಹಾಕೋಕೆ ನಾವೂ ಇಲ್ಲೇ ಇರ್ತೀವಿ. ಬೆಟ್ಟಕ್ಕೆ ಹೋಗೋ ಹಿಂದಿನ ರಾತ್ರಿ ಎಲ್ಲರೂ ಶೂ ತಿರುಗಿಸಿ ಅಡಿಭಾಗ ತೊಳೆಯಿರಿ, ಸಾಕ್ಸ್‌ಗೆ ಅಂಟಿದ್ದನ್ನೂ ಕಿತ್ತುಹಾಕಿ. ಗ್ರೌಂಡಿನ ಸುತ್ತ ಬೆಳೆದಿರೋದು ಕಾಂಗ್ರೆಸ್ ಕಸ, ಅಂದರೆ ಪಾರ್ಥೇನಿಯಂ. ಅದಕ್ಕೆ ಉಂಡೆ ಕಟ್ಟೋದು ಬೇಕಿಲ್ಲ, ಶೂಗೆ ಮೆತ್ತಿದ ಮಣ್ಣೇ ಸಾಕು.